ಹಳೇ ಲ್ಯಾಪ್‌ಟಾಪು, ಹೊಸ ಟಿವಿ, ಒಂದು ಡಬ್ಬಿ ಸಿಡಿ

ನಮ್ಮ ಮನೆಯ ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದು ಅದರ ಮಗ್ಗುಲಲ್ಲಿರುವ ಡಿವಿಡಿ ಡ್ರೈವಿಗಾಗಿ. ಬಿಸ್ಕೀಟ್ ಡಬ್ಬಿಯ ತುಂಬ ಸಿಡಿ, ಡಿವಿಡಿ ಬಿದ್ದಿದ್ದವು: ಹಳೇ ಕನ್ನಡ ಸಿನಿಮಾ, ಕಂಪನಿ ನಾಟಕ, ಗದಗಿನಲ್ಲಿ ಆದ ಅಕ್ಕನ ಮದುವೆ. ಹೊಸ ಟಿವಿಗೆ ಪೆನ್‌ಡ್ರೈವ್ ಚುಚ್ಚಬಹುದು, ಮೊಬೈಲ್ ಜೋಡಿಸಬಹುದು, ಸಿಡಿ ಹಾಕಲು ಮಾತ್ರ ಜಾಗವಿಲ್ಲ. ಈಗ ಬರುವ ಲ್ಯಾಪ್‌ಟಾಪುಗಳಲ್ಲೂ ಆ ಡ್ರೈವ್ ಅಪರೂಪ. ಹುಬ್ಬಳ್ಳಿಯಲ್ಲಿ ಡಿವಿಡಿ ಪ್ಲೇಯರ್ ರಿಪೇರಿ ಮಾಡುವವರನ್ನು ಹುಡುಕಿ ಅಲೆಯುವುದಕ್ಕಿಂತ ಲ್ಯಾಪ್‌ಟಾಪನ್ನೇ ಟಿವಿಗೆ ಕಟ್ಟಿಬಿಡೋಣ ಅನ್ನಿಸಿತು.

ಅಂಗಡಿಗೆ ಹೋಗುವ ಮೊದಲು ಎರಡೂ ಯಂತ್ರಗಳ ಬೆನ್ನು, ಮಗ್ಗುಲು ನೋಡಿ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಅಂದರೆ ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲಿನಲ್ಲಿ ಕಳಿಸುವ ಕಿಂಡಿ, ಇದ್ದರೆ ಒಂದು ನೇರ ಕೇಬಲ್ ಸಾಕು, ಕೆಲಸ ಮುಗಿಯಿತು. ನನ್ನದರಲ್ಲಿ ಇರಲಿಲ್ಲ. ಇದ್ದದ್ದು ನೀಲಿ ಬಣ್ಣದ, ಮೂರು ಸಾಲಿನಲ್ಲಿ 15 ತೂತುಗಳಿರುವ ವಿಜಿಎ. 1987ರಲ್ಲಿ ಐಬಿಎಂ ತಂದದ್ದು. ಟಿವಿಯಲ್ಲೋ ಬರೀ ಎಚ್‌ಡಿಎಂಐ. ವಿಜಿಎ ಕಳಿಸುವುದು ಅನಲಾಗ್ ಚಿತ್ರ, ಎಚ್‌ಡಿಎಂಐ ಕೇಳುವುದು ಡಿಜಿಟಲ್. ನಡುವೆ ಅದನ್ನು ಬದಲಿಸುವ ಒಂದು ಚಿಪ್ ಬೇಕು, ಆ ಚಿಪ್ಪಿಗೆ ಕರೆಂಟೂ ಬೇಕು. ಈ ತುದಿಗೆ ವಿಜಿಎ, ಆ ತುದಿಗೆ ಎಚ್‌ಡಿಎಂಐ ಇರುವ, ಚಿಪ್ಪಿಲ್ಲದ ಬರೀ ವೈರು ಸಿಕ್ಕರೆ ಅದು ಎಷ್ಟು ಅಗ್ಗವಾದರೂ ಬೇಡ. ಚಿತ್ರ ಬರುವುದಿಲ್ಲ.

ಕೊಪ್ಪೀಕರ್ ರಸ್ತೆಯ ಕಡೆ ಅಂಗಡಿಗಳಲ್ಲಿ ಕೇಳುತ್ತ ಹೋದೆ. ಇಲ್ಲೊಂದು ತೊಡಕಿದೆ. ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವ ಕನ್ವರ್ಟರ್ ಬೇರೆ, ಎಚ್‌ಡಿಎಂಐಯಿಂದ ವಿಜಿಎಗೆ ಬರುವುದು ಬೇರೆ. ನೋಡಲು ಎರಡೂ ಒಂದೇ ಥರ, ಹಾದಿ ಮಾತ್ರ ಏಕಮುಖ. ಒಬ್ಬರು ಎರಡನೆಯದನ್ನು ಕೈಗಿಟ್ಟು, "ಎರಡೂ ಒಂದರೀ ಸರ, ಉಲ್ಟಾ ಹಾಕಿದ್ರ ಆತು" ಎಂದರು. ಆಗುವುದಿಲ್ಲ. ನಮಗೆ ಬೇಕಾದದ್ದರ ಗುರುತು ಹೀಗೆ: ವಿಜಿಎ ತುದಿಯಲ್ಲಿ ತೂತಲ್ಲ, ಲ್ಯಾಪ್‌ಟಾಪಿಗೆ ಕೂರುವ ಮುಳ್ಳುಗಳಿರಬೇಕು, ಇನ್ನೊಂದು ತುದಿ ಎಚ್‌ಡಿಎಂಐ ಕೇಬಲ್ ಕೂರುವ ಬಾಯಿ, ಕರೆಂಟಿಗೆ ಯುಎಸ್‌ಬಿ ವೈರು, ಇದೆಲ್ಲದರ ಜೊತೆ ಧ್ವನಿಗಾಗಿ 3.5 ಮಿ.ಮೀ. ತೂತು. ಇದೊಂದಿಲ್ಲದ ಕನ್ವರ್ಟರ್ ಕೊಂಡರೆ ಮೂಕಿ ಚಿತ್ರವೇ ಗತಿ.

ಯಾಕೆಂದರೆ ವಿಜಿಎ ಧ್ವನಿಯನ್ನು ಒಯ್ಯುವುದೇ ಇಲ್ಲ. ಸೌಂಡ್ ಸೆಟ್ಟಿಂಗಿನಲ್ಲಿ ಎಷ್ಟು ಜಾಲಾಡಿದರೂ ಟಿವಿಯ ಹೆಸರು ಕಾಣದಿರುವುದು ಅದಕ್ಕೇ. ಹೆಡ್‌ಫೋನ್ ತೂತಿನಿಂದ ಕನ್ವರ್ಟರಿನ ತೂತಿಗೆ ಎರಡೂ ಕಡೆ ಪಿನ್ ಇರುವ ಒಂದು ವೈರು ಹಾಕಿದೆ, ಟಿವಿ ಮಾತಾಡಿತು. ಲ್ಯಾಪ್‌ಟಾಪಿನ ವಾಲ್ಯೂಮನ್ನು ಮುಕ್ಕಾಲಿಗಿಂತ ತುಸು ಮೇಲೆ ಇಟ್ಟು ಬಿಟ್ಟುಬಿಡುತ್ತೇನೆ. ಮುಂದಿನ ಏರಿಳಿತವೆಲ್ಲ ಟಿವಿ ರಿಮೋಟಿನದು.

ಮಾತಿನ ಹಿಂದೆ ಗುಂಯ್ ಎನ್ನುವ ಸದ್ದೊಂದು ಅಂಟಿಕೊಂಡಿತ್ತು. ಚಾರ್ಜರ್ ಕಿತ್ತರೆ ಮಾಯ, ಹಾಕಿದರೆ ಹಾಜರ್. ಟಿವಿಗೆ ಒಂದು ದಾರಿಯಲ್ಲಿ, ಲ್ಯಾಪ್‌ಟಾಪಿಗೆ ಇನ್ನೊಂದು ದಾರಿಯಲ್ಲಿ ಅರ್ಥಿಂಗ್ ಸಿಕ್ಕಾಗ ಆ ಎರಡರ ನಡುವಿನ ವ್ಯತ್ಯಾಸ ಧ್ವನಿಯ ವೈರಿನಲ್ಲಿ ಹರಿದು ಹೀಗೆ ಕೇಳಿಸುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದೆ, ಬಹುಮಟ್ಟಿಗೆ ಹೋಯಿತು. ಚಾರ್ಜರಿನ ಮೂರನೇ ಪಿನ್ ಮುರಿದು ಹಾಕು ಎಂಬ ಸಲಹೆಯೂ ಬಂತು. ಅದನ್ನು ಮಾತ್ರ ಯಾರೂ ಮಾಡಬೇಡಿ. ಜೀವ ಕಾಯಲು ಇಟ್ಟ ಪಿನ್ ಅದು.

ಚಿತ್ರ ಬರಿಸುವುದು ಸುಲಭ. ವಿಂಡೋಸ್ 7ರಿಂದೀಚೆಗೆ ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿದರೆ ಆಯ್ಕೆಗಳು ಬರುತ್ತವೆ. ನಾನು ಪ್ರೊಜೆಕ್ಟರ್ ಮಾತ್ರ ಎಂಬುದನ್ನು ಆರಿಸುತ್ತೇನೆ, ಆಗ ಚಿತ್ರ ಟಿವಿಯಲ್ಲಷ್ಟೇ. ಎರಡೂ ಕಡೆ ಒಂದೇ ಚಿತ್ರ ಬೇಕೆಂದರೆ ಟಿವಿಯೂ ಲ್ಯಾಪ್‌ಟಾಪಿನ 1366×768 ಚುಕ್ಕಿಗಳಿಗೆ ಇಳಿಯಬೇಕಾಗುತ್ತದೆ. ಚಿತ್ರದ ಅಂಚು ಟಿವಿಯ ಹೊರಗೆ ಹೋಗಿದ್ದರೆ ಲ್ಯಾಪ್‌ಟಾಪಿನಲ್ಲಿ ಹುಡುಕಬೇಡಿ, ಟಿವಿಯ ಪಿಕ್ಚರ್ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಎಂದಿರುತ್ತದೆ.

ಡಿವಿಡಿ ಹಾಕಿದ ಮೇಲೆ ಬೇರೆಯದೇ ಪಾಠ ಶುರುವಾಯಿತು. ಮದುವೆಯ ವಿಡಿಯೋದಲ್ಲಿ ಯಾರಾದರೂ ಅಕ್ಷತೆ ಹಾಕಲು ಕೈ ಎತ್ತಿದರೆ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಡಿಸ್ಕಿನದು ತಪ್ಪಿಲ್ಲ. ನಮ್ಮ ಕಡೆಯ ಹಳೇ ಟಿವಿ, ವಿಡಿಯೋಗಳ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ವಿಡಿಯೋ ಕ್ಯಾಮೆರಾ ಒಂದೊಂದನ್ನೂ ಎರಡು ಕಂತಿನಲ್ಲಿ, ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಎಂದು ಹಿಡಿಯುತ್ತಿತ್ತು. ಹಳೇ ಡಬ್ಬಾ ಟಿವಿ ತೋರಿಸುತ್ತಿದ್ದದ್ದೂ ಹಾಗೆಯೇ, ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಎಲ್‌ಇಡಿ ಪರದೆ ಎರಡೂ ಕಂತನ್ನು ಒಟ್ಟಿಗೆ ತೋರಿಸುತ್ತದೆ, ಅಷ್ಟರಲ್ಲಿ ಕೈ ಜರುಗಿರುತ್ತದೆ. ವಿಎಲ್‌ಸಿ ಎಂಬ ವಿಡಿಯೋ ತೋರಿಸುವ ತಂತ್ರಾಂಶದ ವಿಡಿಯೋ ಮೆನುವಿನಲ್ಲಿ, ಈ ಗೆರೆ ಅಳಿಸುವ ಡಿಇಂಟರ್ಲೇಸ್ ಆನ್ ಮಾಡಿ, ಮೋಡ್ ಯಾಡಿಫ್ ಇಟ್ಟೆ. ಗೆರೆ ಹೋದವು. ನನ್ನ ಹಳೇ ಕೋರ್ 2 ಡ್ಯುಯೋ ಪ್ರೊಸೆಸರಿಗೂ ಡಿವಿಡಿ ಮಟ್ಟಿಗೆ ಇದು ಭಾರವಲ್ಲ.

ಅಕ್ಕ ಮಾತ್ರ ಮದುವೆಯಲ್ಲಿ ತಾನು ಇಷ್ಟು ದಪ್ಪ ಇರಲಿಲ್ಲ ಎಂದು ತಕರಾರು ತೆಗೆದಳು. ನಿಜ, ಹಳೇ ಟಿವಿಯ 4:3 ಆಕಾರದ ಚಿತ್ರವನ್ನು ಹೊಸ ಟಿವಿಯ ಅಗಲಕ್ಕೆ ಎಳೆದರೆ ಎಲ್ಲರೂ ಊದುತ್ತಾರೆ. ಟಿವಿಯನ್ನು 16:9ರಲ್ಲೇ ಬಿಟ್ಟು ವಿಎಲ್‌ಸಿಯಲ್ಲಿ ಎ ಕೀಲಿ ಒತ್ತುತ್ತ ಹೋಗಿ 4:3 ಬಂದಾಗ ನಿಲ್ಲಿಸಿದೆ. ಎರಡು ಬದಿ ಕಪ್ಪು ಪಟ್ಟಿ ಬಂತು. ಇರಲಿ.

ವಿಸಿಡಿಗಳಿಂದ, ಅಂದರೆ ವಿಡಿಯೋ ತುಂಬಿದ ಸಿಡಿಗಳಿಂದ, ಬಹಳ ನಿರೀಕ್ಷೆ ಬೇಡ. ಅವುಗಳ ಚಿತ್ರ 352×288 ಚುಕ್ಕಿ ಅಷ್ಟೇ; ಫುಲ್ ಎಚ್‌ಡಿ ಟಿವಿಯ ಚುಕ್ಕಿಗಳು ಅದರ ಸುಮಾರು 20 ಪಟ್ಟು. ಮುಖ ಚೌಕಚೌಕವಾಗಿ ಒಡೆಯುತ್ತದೆ. ಪೂರ್ತಿ ಪರದೆಗೆ ಹಿಗ್ಗಿಸದೆ ಕಿಟಕಿಯಲ್ಲೇ ಇಟ್ಟು, ಕುರ್ಚಿ ಹಿಂದಕ್ಕೆ ಸರಿಸಿದರೆ ನೋಡಬಹುದು. ನಾಟಕಕ್ಕಂತೂ ಚಿಂತೆಯಿಲ್ಲ, ಅಲ್ಲಿ ಕೇಳುವುದೇ ಹೆಚ್ಚು. ಡಿಸ್ಕ್ ತಾನಾಗಿ ಶುರುವಾಗದಿದ್ದರೆ ಎಂಪಿಇಜಿಎವಿ (MPEGAV) ಎಂಬ ಫೋಲ್ಡರ್ ತೆರೆದು ಒಳಗಿನ ಡ್ಯಾಟ್ (.DAT) ಕಡತವನ್ನು ವಿಎಲ್‌ಸಿಗೆ ಕೊಡಿ.

ಈ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸುರಕ್ಷತಾ ಬೆಂಬಲ ನಿಂತಿದೆ, ಓಟಿಟಿ ನೋಡಲು ಟಿವಿಯೇ ಇದೆ. ವಿಡಿಯೋವನ್ನು ಹೆಚ್ಚು ಕುಗ್ಗಿಸಿಡುವ ಈಚಿನ ಎಚ್‌ಇವಿಸಿ ಫೈಲುಗಳನ್ನೂ ಇದರ ತಲೆಗೆ ಕಟ್ಟುವುದಿಲ್ಲ. 1080ರ ಅಂಥ ಫೈಲು ಹಾಕಿದರೆ ಧ್ವನಿ ಮುಂದೆ ಓಡುತ್ತದೆ, ಚಿತ್ರ ಏದುಸಿರು ಬಿಡುತ್ತ ಹಿಂದೆ ಬರುತ್ತದೆ.

ಮನೆಯ ಡಿಸ್ಕುಗಳನ್ನು ಈಗ ಒಂದೊಂದಾಗಿ ಹಾರ್ಡ್ ಡಿಸ್ಕಿಗೆ ಇಳಿಸುತ್ತಿದ್ದೇನೆ. ಮದುವೆಯ ಡಿವಿಡಿಯಾದರೆ ವಿಡಿಯೋ ಟಿಎಸ್ (VIDEO_TS) ಫೋಲ್ಡರನ್ನು ಇಡಿಯಾಗಿ ನಕಲು ಮಾಡಿದರೆ ಸಾಕು. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಎಳೆಯಬೇಕು, ಸುತ್ತುಸುತ್ತಾಗಿ ತಿಕ್ಕಬಾರದು. ಆದರೂ ಓದದಿದ್ದರೆ ಡಿಸ್ಕ್ ಎಸೆಯುವ ಮುಂಚೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ: ನನ್ನ ಲ್ಯಾಪ್‌ಟಾಪು ಒಲ್ಲೆ ಎಂದ ನಾಟಕದ ಸಿಡಿಯನ್ನು ಧಾರವಾಡದ ಗೆಳೆಯನ ಹಳೇ ಡೆಸ್ಕ್‌ಟಾಪು ತಕರಾರಿಲ್ಲದೆ ಓದಿತು.