ಒಥೆಲೊ ಪಾತ್ರಕ್ಕೆ ನಾನು ತಯಾರಾದ ಬಗೆ

ಬದಿಯಡ್ಕದ ನಮ್ಮ ಹವ್ಯಾಸಿ ತಂಡ ಶೇಕ್ಸ್‌ಪಿಯರನ 'ಒಥೆಲೊ' ಆಡುವುದೆಂದು ತೀರ್ಮಾನವಾದಾಗ ನಾಯಕನ ಪಾತ್ರ ನನಗೆ ಬಂತು. "ಸಂಶಯ ಮುಖದಲ್ಲೇ ಕಾಣಬೇಕು" ಎಂದು ಎಲ್ಲರೂ ಹೇಳಿದರು. ನಾಟಕ ಓದುತ್ತಾ ಹೋದ ಹಾಗೆ ನನಗೆ ಬೇರೆಯೇ ಅನ್ನಿಸಿತು. ಈ ಮನುಷ್ಯನಿಗೆ ಅರ್ಧಂಬರ್ಧ ನಂಬಿ ಗೊತ್ತೇ ಇಲ್ಲ. ಹೆಂಡತಿ ಡೆಸ್ಡಿಮೋನಾಳನ್ನು ಪೂರ್ತಿ ನಂಬಿದ್ದ, ಆಮೇಲೆ ಅವಳಿಗೆ ಕ್ಯಾಸಿಯೊ ಎಂಬ ಅಧಿಕಾರಿಯ ಜೊತೆ ಸಂಬಂಧವಿದೆ ಎಂದು ಸುಳ್ಳು ಹೇಳಿದ ತನ್ನ ಕೈಕೆಳಗಿನ ಯಾಗೋನನ್ನು ಅಷ್ಟೇ ಪೂರ್ತಿ ನಂಬಿದ. ಅವನ ಮತ್ಸರ ಹುಟ್ಟುವುದು ಅಲ್ಲಿಂದಲೇ.

ಏಳು ವರ್ಷದವನಿದ್ದಾಗಿನಿಂದ ಯುದ್ಧದ ಡೇರೆಗಳಲ್ಲೇ ಬೆಳೆದವನು ಒಥೆಲೊ. ರಣರಂಗದಲ್ಲಿ ಪಕ್ಕದವನನ್ನು ನಂಬದಿದ್ದರೆ ಜೀವ ಉಳಿಯುವುದಿಲ್ಲ. ಹೊರಗಿನಿಂದ ಬಂದು ವೆನಿಸ್ಸಿನ ಸೇನಾಪತಿಯಾದ ಅವನಿಗೆ ಅಲ್ಲಿನ ಮನೆಗಳ ಒಳಗಿನ ರೀತಿ ಗೊತ್ತಿಲ್ಲ. "ನಮ್ಮೂರಿನ ಹೆಂಗಸರು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು" ಎನ್ನುತ್ತಾನೆ ಯಾಗೋ. ಈ ಮಾತಿನ ತೂಕ ನಮ್ಮ ಕಾಸರಗೋಡಿನವರಿಗೆ ಬೇಗ ಅರ್ಥವಾಗುತ್ತದೆ. ಮಲಯಾಳದಲ್ಲಿರುವ ಕಾಗದವನ್ನು ಓದಲು ಬಾರದ ನಮ್ಮ ಹಿರಿಯರು ಕಚೇರಿಯಲ್ಲಿ ಓದಿ ಹೇಳಿದವನನ್ನೇ ನಂಬಬೇಕು, ಅಲ್ವಾ? ಒಥೆಲೊ ಇರುವುದೂ ಅಂಥದೇ ಜಾಗದಲ್ಲಿ.

ಮೂರನೇ ಅಂಕದ ಮೂರನೇ ದೃಶ್ಯಕ್ಕೇ ನಾವು ಜಾಸ್ತಿ ಸಮಯ ಕೊಟ್ಟೆವು. ಅದರಲ್ಲಿ ಓಡಾಟ ಕಡಿಮೆ, ಮಾತೇ ಎಲ್ಲ. ಹಾಗಾಗಿ ತಾಳಮದ್ದಳೆಯ ಹಾಗೆ ಎದುರುಬದುರು ಕೂತು ಅಭ್ಯಾಸ ಮಾಡಿದೆವು. ಯಾಗೋ ಆಗಿದ್ದವರು ನಿವೃತ್ತ ಮಾಷ್ಟ್ರು, ತಾಳಮದ್ದಳೆಯಲ್ಲಿ ಶಕುನಿಯಾಗಿ ಮಾತಾಡಿ ಪಳಗಿದವರು. ಮೊದಮೊದಲು ಅದೇ ಕೊಂಕು ನಗು ಬರುತ್ತಿತ್ತು.

"ಮಾಷ್ಟ್ರೇ, ನೀವು ಹೀಗೆ ನಕ್ಕರೆ ನಾನು ನಂಬುವುದು ಹೇಗೆ? ಸುಮ್ನೆ ದಡ್ಡನ ಹಾಗೆ ಕಾಣ್ತೇನೆ" ಅಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಶಕುನಿ ಬೇಡ. ಮಂಥರೆಯ ದಾರಿ ಹಿಡಿಯುವ. ಅವಳಿಗೆ ಕೈಕೇಯಿಯ ಹಿತವೇ ಮುಖ್ಯ ಅಂತ ಕಾಣ್ಬೇಕು" ಅಂದರು.

ದೃಶ್ಯ ಅಲ್ಲಿಂದ ಬದಲಾಯಿತು. ಡೆಸ್ಡಿಮೋನಾಳ ಹತ್ತಿರ ಮಾತಾಡುತ್ತಿದ್ದ ಕ್ಯಾಸಿಯೊ ಎದ್ದುಹೋಗುತ್ತಾನೆ. ಯಾಗೋ "ಛೆ, ಇದು ನನಗೆ ಸರಿ ಕಾಣಲಿಲ್ಲ" ಎಂದು ಗೊಣಗುತ್ತಾನೆ. ಏನೆಂದು ಕೇಳಿದರೆ "ಏನಿಲ್ಲ" ಎನ್ನುತ್ತಾನೆ. ಮಾಷ್ಟ್ರು ಆ "ಏನಿಲ್ಲ"ವನ್ನು ಎಷ್ಟು ಕಾಳಜಿಯಿಂದ ಹೇಳಿದರೆಂದರೆ, ನಾನೇ ಮುಂದೆ ಬಾಗಿ ಕೇಳುವ ಹಾಗಾಯಿತು. ಮತ್ಸರಕ್ಕೆ ಬಲಿಯಾಗಬೇಡಿ ಎಂದು ಎಚ್ಚರಿಸುವವನೂ ಯಾಗೋನೇ!

ಆಮೇಲೆ ಬರುವ ಏಟು ದೊಡ್ಡದು: "ನಿಮ್ಮನ್ನು ಮದುವೆಯಾಗಲು ಅವಳು ಅಪ್ಪನಿಗೇ ಮೋಸ ಮಾಡಿದಳು." ಮೊದಲ ಅಂಕದಲ್ಲಿ ಅವಳ ಅಪ್ಪ ಬ್ರಬಾನ್ಶಿಯೊ ಇದನ್ನೇ ಹೇಳಿದಾಗ ಒಥೆಲೊ ತನ್ನ ಜೀವವನ್ನೇ ಪಣವಿಟ್ಟು ಅವಳ ಪರ ಮಾತಾಡಿದ್ದ. ಈಗ ನಂಬಿದವನ ಬಾಯಿಂದ ಬಂದಾಗ ಅದಕ್ಕೆ ಉತ್ತರವಿಲ್ಲ. ಅಲ್ಲಿ ನಾನು ಸಿಟ್ಟು ತೋರಿಸಲಿಲ್ಲ. ಕಣ್ಣು ಕೆಳಗೆ ಹಾಕಿ, ನನ್ನ ಕೈಯನ್ನೇ ನೋಡಿದೆ.

ಕಣ್ಣಾರೆ ಕಾಣುವ ಸಾಕ್ಷಿ ಕೊಡು ಎಂದು ಒಥೆಲೊ ಯಾಗೋನ ಕುತ್ತಿಗೆಗೆ ಕೈಹಾಕುತ್ತಾನೆ. ಸಿಗುವುದು ಬರೀ ಮಾತು: ನೀವು ಹೆಂಡತಿಗೆ ಕೊಟ್ಟ ಕರವಸ್ತ್ರದಲ್ಲಿ ಕ್ಯಾಸಿಯೊ ಗಡ್ಡ ಒರೆಸಿಕೊಳ್ಳುವುದನ್ನು ಕಂಡೆ ಅಂತ. ಒಥೆಲೊಗೆ ಅಷ್ಟೇ ಸಾಕಾಗುತ್ತದೆ. ಹೆಂಡತಿಯನ್ನು ಕೊಲ್ಲುವ ಮೊದಲು ಕ್ಯಾಸಿಯೊನನ್ನು ಕರೆದು ನೇರ ಕೇಳುವುದೇ ಇಲ್ಲ. ನನಗೆ ಈ ನಾಟಕದಲ್ಲಿ ಇದರಷ್ಟು ಸಂಕಟ ಕೊಟ್ಟದ್ದು ಬೇರೆ ಇಲ್ಲ.

ಈ ಕತೆ ಶೇಕ್ಸ್‌ಪಿಯರನಿಗೆ ಸಿಕ್ಕಿದ್ದು 1565ರಲ್ಲಿ ಅಚ್ಚಾದ ಚಿಂತಿಯೊನ ಇಟಾಲಿಯನ್ ಸಂಗ್ರಹದಿಂದ. ಅದರಲ್ಲಿ ಕರವಸ್ತ್ರವನ್ನು ಖಳನೇ ಕದಿಯುತ್ತಾನೆ. ಶೇಕ್ಸ್‌ಪಿಯರ್ ಅದನ್ನು ಯಾಗೋನ ಹೆಂಡತಿ ಎಮಿಲಿಯಾಳ ಕೈಗೆ ಕೊಟ್ಟ. ಬಿದ್ದದ್ದನ್ನು ಎತ್ತಿ ಅವಳು ಗಂಡನಿಗೆ ಕೊಡುತ್ತಾಳೆ, ಯಾಕೆ ಬೇಕೆಂದು ತಿಳಿಯದೆ. ಕೊನೆಯ ದೃಶ್ಯದಲ್ಲಿ, ಎಲ್ಲ ನಿನ್ನ ಗಂಡನಿಗೆ ಗೊತ್ತು ಎಂದು ಒಥೆಲೊ ಹೇಳುವಾಗ ಅವಳು "ನನ್ನ ಗಂಡನಾ?" ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಅವಳೂ ಅದೇ ಮನುಷ್ಯನನ್ನು ನಂಬಿದವಳು. ಆದರೆ ಗಂಡ ಬಂದ ಕೂಡಲೇ ಎಲ್ಲರ ಎದುರು ಅವನನ್ನೇ ಕೇಳುತ್ತಾಳೆ. ಒಥೆಲೊ ಮಾಡದೇ ಹೋದ ಕೆಲಸ ಅದು. ಈ ನಾಟಕ ಆಡುವವರು ಎಮಿಲಿಯಾ ಪಾತ್ರವನ್ನು ತಂಡದ ಅತ್ಯಂತ ಗಟ್ಟಿ ಕಲಾವಿದೆಗೇ ಕೊಡಿ. ನಮ್ಮಲ್ಲಿ ಆ ಪಾತ್ರ ಮಾಡಿದ ಹುಡುಗಿಯ ಪ್ರಶ್ನೆಗಳು ಎದುರು ನಿಂತಿದ್ದರಿಂದಲೇ ನನ್ನ ಕೊನೆಯ ಮಾತುಗಳಿಗೆ ಜೀವ ಬಂತು.