ಹುರುಳಿ ಕಮ್ಮಿ, ಹುಲ್ಲು ಜಾಸ್ತಿ: ಟಾಂಗಾ ಕುದುರೆಯ ಹೊಟ್ಟೆನೋವು, ನನ್ನ ಅನುಭವ

ನಾನು ಮೈಸೂರಿನಲ್ಲಿ ಪಶುವೈದ್ಯ. ದಿನವೆಲ್ಲ ನೋಡುವುದು ಹಸು, ಎಮ್ಮೆ, ಮೇಕೆ, ಈಚೆಗೆ ನಾಯಿ ಬೆಕ್ಕು. ಕುದುರೆ ಅಂದರೆ ಅರಮನೆ ಸುತ್ತಮುತ್ತ ಓಡಾಡುವ ಟಾಂಗಾ ಕುದುರೆಗಳು, ಅದೂ ಯಾರಾದರೂ ಕರೆದರೆ. ರೇಸ್ ಕುದುರೆಗಳ ವಿಷಯ ಬೇರೆ, ಅವಕ್ಕೆ ಅವುಗಳದ್ದೇ ಡಾಕ್ಟರಿದ್ದಾರೆ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು. "ಡಾಕ್ಟ್ರೇ, ಕುದುರೆ ಬಿದ್ದು ಹೊರಳಾಡ್ತಿದೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡ್ಕೊಳ್ತಿದೆ." ಹೋಗಿ ನೋಡಿದೆ. ನಾಡಿ ನಿಮಿಷಕ್ಕೆ 52. ಕುದುರೆಗೆ 28ರಿಂದ 44ರೊಳಗೆ ಇರಬೇಕು, 60 ದಾಟಿದರೆ ಕೈಕಾಲು ನಡುಗುತ್ತವೆ (ನನ್ನವು!). ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟರೆ ಗುಡುಗುಡು ಸದ್ದು ಕೇಳಬೇಕಾದ ಕಡೆ ಬರೀ ಮೌನ. ಕೈಗವಸು ಹಾಕಿ ಒಳಗೆ ಕೈಯಾಡಿಸಿದೆ. ಎಡಗಡೆ ದೊಡ್ಡ ಕರುಳು ಹಿಂದಕ್ಕೆ ಮಡಚಿಕೊಳ್ಳುವ ಜಾಗದಲ್ಲಿ ಚಪಾತಿ ಹಿಟ್ಟಿನ ಥರ ಒಂದು ಗಟ್ಟಿ ಉಂಡೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಅಲ್ಲಿ ಕರುಳು ಸಣ್ಣಗಾಗುತ್ತದೆ, ಒಣಗಿದ ಮೇವು ಸಿಕ್ಕಿಕೊಳ್ಳುವುದು ಅಲ್ಲೇ ಜಾಸ್ತಿ.

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹಾಗಾಗಿ ಮೊದಲು ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಿ ಒಳಗಿಂದ ಏನಾದರೂ ವಾಪಸ್ ಬರುತ್ತಾ ನೋಡಬೇಕು. ಬರಲಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟು, ಅದೇ ನಳಿಕೆಯಲ್ಲಿ ಬೆಚ್ಚಗಿನ ನೀರು, ಪ್ಯಾರಾಫಿನ್ ಎಣ್ಣೆ ಬಿಟ್ಟೆ. ಬಾಟಲಿಯಲ್ಲಿ ಎಣ್ಣೆ ಕುಡಿಸುವವರು ಈಗಲೂ ಇದ್ದಾರೆ, ದಯವಿಟ್ಟು ಬೇಡ, ಅದು ಶ್ವಾಸಕೋಶಕ್ಕೆ ಹೋದರೆ ಕುದುರೆ ಉಳಿಯುವುದು ಕಷ್ಟ. ಬೆಳಗಿನ ಜಾವ ಐದಕ್ಕೆ ಲದ್ದಿ ಹಾಕಿತು. ಯಜಮಾನರು ಅದನ್ನು ನೋಡಿ ನಿಂತ ಖುಷಿ, ಲಾಟರಿ ಹೊಡೆದವರಿಗೂ ಇರಲಿಕ್ಕಿಲ್ಲ.

ಮನೆಗೆ ಬಂದ ಮೇಲೆ ನನಗೆ ಕಸಿವಿಸಿ ಶುರುವಾಯಿತು. ಯಾಕೆಂದರೆ ಎರಡು ತಿಂಗಳ ಹಿಂದೆ ಇದೇ ಕುದುರೆ ಸೊರಗಿದೆ ಅಂತ ತೋರಿಸಿದಾಗ "ಬೂಸಾ ಜಾಸ್ತಿ ಮಾಡಿ" ಅಂದವನು ನಾನೇ. ಹಸುವಿನ ಬುದ್ಧಿಯಲ್ಲಿ ಹೇಳಿದ್ದೆ. ಹಸುವಾದರೆ ಒಂದಷ್ಟು ಮೇವು ತುಂಬಿಕೊಂಡು ಮಲಗಿ ಮೆಲುಕು ಹಾಕುತ್ತದೆ. ದೊಡ್ಡ ಕುದುರೆಯ ಜಠರ ಕೂಡ 8ರಿಂದ 15 ಲೀಟರ್ ಅಷ್ಟೇ. ಅದರಲ್ಲಿ ಆಮ್ಲ ಹೊತ್ತು ಗೊತ್ತು ಇಲ್ಲದೆ ಸುರಿಯುತ್ತಲೇ ಇರುತ್ತದೆ. ಆದರೆ ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ನಾರು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಲ್ಲಿ. ಒಂದೇ ಸಲ ಜಾಸ್ತಿ ಕಾಳು ಹಾಕಿದರೆ ಪಿಷ್ಟ ಅರೆಬರೆ ಜೀರ್ಣವಾಗಿ ಅಲ್ಲಿಗೇ ಜಾರುತ್ತದೆ. ಅಲ್ಲಿ ಹುಳಿ ಹೆಚ್ಚಿ ನಾರು ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಕೆಲವು ಸಲ ಗೊರಸಿಗೂ ಪೆಟ್ಟು ಬೀಳುತ್ತದೆ.

ಆ ವಾರ ಕೂತು ಓದಿದೆ. ಡೆನ್ಮಾರ್ಕ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, 201 ಕುದುರೆಗಳ ಜಠರವನ್ನು ಎಂಡೋಸ್ಕೋಪ್ ಇಳಿಸಿ ನೋಡಿದ್ದರು. ಕಾಳು ಒಕ್ಕಿದ ಮೇಲೆ ಉಳಿಯುವ ಒಣಹುಲ್ಲೇ ಏಕೈಕ ಮೇವಾಗಿದ್ದವು, ಒಂದು ಸಲ ಮೇವು ತಿಂದು ಇನ್ನೊಂದಕ್ಕೆ ಆರು ಗಂಟೆಗಿಂತ ಜಾಸ್ತಿ ಕಾಯುತ್ತಿದ್ದವು, ಹೊರಗೆ ಬಿಟ್ಟಾಗ ನೀರು ಸಿಗದಿದ್ದವು, ಪಿಷ್ಟ ಜಾಸ್ತಿ ತಿನ್ನುತ್ತಿದ್ದವು, ಇವುಗಳಲ್ಲಿ ಹುಣ್ಣು ಜಾಸ್ತಿ. ಓದುತ್ತಾ ನಗು ಬಂತು, ನಮ್ಮ ಟಾಂಗಾ ಕುದುರೆಯ ದಿನಚರಿಯನ್ನೇ ನೋಡಿ ಬರೆದ ಹಾಗಿತ್ತು.

ಮುಂದಿನ ಭಾನುವಾರ ಟೇಪು, ತಕ್ಕಡಿ ಹಿಡಿದು ಹೋದೆ. ಎದೆಯ ಸುತ್ತಳತೆ 148 ಸೆಂ.ಮೀ., ಉದ್ದ 150. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿದರೆ ತೂಕ ಸುಮಾರು 276 ಕೆ.ಜಿ. ಈ ತೂಕಕ್ಕೆ ದಿನಕ್ಕೆ ಕನಿಷ್ಠ 4 ಕೆ.ಜಿ.ಯಷ್ಟು ಒಣಮೇವು ಬೇಕು, ಐದೂವರೆ ಆದರೆ ಒಳ್ಳೆಯದು. ಸಿಗುತ್ತಿದ್ದದ್ದು ರಾತ್ರಿ ಹೊತ್ತು ಎರಡು ಕೆ.ಜಿ. ಭತ್ತದ ಹುಲ್ಲು. ಮಿಕ್ಕಿದ್ದೆಲ್ಲ ಬೆಳಿಗ್ಗೆ ಸಂಜೆ ಒಂದೂವರೆ ಕೆ.ಜಿ. ಹುರುಳಿ, ಒಂದೊಂದು ಕೆ.ಜಿ. ಬೂಸಾ. ಹಗಲೆಲ್ಲ ಬಾಯಿಗೆ ಏನೂ ಇಲ್ಲ, ನೀರು ಎರಡು ಬಕೆಟ್.

"ಹುರುಳಿ ಕಮ್ಮಿ ಮಾಡಿದ್ರೆ ಗಾಡಿ ಯಾರು ಎಳೀತಾರೆ ಡಾಕ್ಟ್ರೇ, ನೀವಾ?" ಅಂದರು. ತಪ್ಪೇನಿಲ್ಲ, ಅವರಪ್ಪನ ಕಾಲದಿಂದ ಹಾಗೇ ಹಾಕಿದ್ದಾರೆ. ನಾನು ನಿಲ್ಲಿಸಿ ಅನ್ನಲಿಲ್ಲ. ಎರಡು ವಾರ ತಗೊಂಡು ನಿಧಾನವಾಗಿ ಇಳಿಸಿದೆವು: ನೆನೆಸಿ ಬೇಯಿಸಿದ ಹುರುಳಿ ಅರ್ಧರ್ಧ ಕೆ.ಜಿ., ದಿನಕ್ಕೆ ಮೂರು ಸಲ, ಬೂಸಾ ಬರೀ ಒಂದು ಹಿಡಿ. ಬೂಸಾ ಲದ್ದಿ ಮೆತ್ತಗೆ ಮಾಡುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಮ್ಮಿ, ಬಹಳ ಕಾಲ ಬರೀ ಅದನ್ನೇ ತಿಂದರೆ ಮೂಳೆ ಹಾಳು. ಸುಣ್ಣದಂಶಕ್ಕೆ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನುವ ಹಸಿರು ಮೇವು) ಸೇರಿಸಿದೆವು, ಅದು ಜಠರದ ಹುಳಿಯನ್ನೂ ತಗ್ಗಿಸುತ್ತದೆ. ಜೊತೆಗೆ ಗರಿಕೆ, ಒಂದಿಷ್ಟು ರಾಗಿ ಹುಲ್ಲು. ನೈಲಾನ್ ಹಗ್ಗದಲ್ಲಿ ಸಣ್ಣ ಕಣ್ಣಿನ ಬಲೆ ಹೆಣೆದು ಗಾಡಿಗೆ ತೂಗುಹಾಕಿದರು, ಸವಾರಿ ಇಲ್ಲದಾಗ ಕುದುರೆ ಅದರಿಂದ ಒಂದೊಂದೇ ಎಳೆ ಎಳೆದು ತಿನ್ನಲಿ ಅಂತ. ಗಾಡಿಯಲ್ಲಿ ಇಪ್ಪತ್ತು ಲೀಟರ್ ಕ್ಯಾನ್, ಸಂಜೆ ತಿಂಡಿಗೆ ಎರಡು ಚಮಚ ಉಪ್ಪು.

ಗರಿಕೆಯಲ್ಲಿ ಒಂದು ತೊಂದರೆ ಇತ್ತು. ಬೇರುಸಹಿತ ಕಿತ್ತು ತರುತ್ತಾರೆ. ಲದ್ದಿಯ ಮೇಲಿನ ಉಂಡೆ, ನೆಲ ಮುಟ್ಟದ್ದು, ಆರೇಳು ತಗೊಂಡು ಕೈಗವಸಿನೊಳಗೆ ನೀರು ಹಾಕಿ ಕದಡಿ ತೂಗುಹಾಕಿದೆ. ಕಾಲು ಗಂಟೆಗೆ ಬೆರಳ ತುದಿಗಳಲ್ಲಿ ಕೆಂಪು ಮರಳು ಇಳಿದು ಕೂತಿತ್ತು. ನಾನು ಹೇಳಿದ್ದಕ್ಕಿಂತ ಆ ಕೈಗವಸು ಯಜಮಾನರಿಗೆ ಜಾಸ್ತಿ ನಾಟಿತು. ಅವತ್ತಿಂದ ಗರಿಕೆ ಬೇರು ಕತ್ತರಿಸಿ, ತೊಳೆದೇ ಹಾಕುತ್ತಾರೆ.

ಇನ್ನೊಂದು ಮಾತು, ಹಸುವಿಗೆ ತಂದ ಫೀಡನ್ನು ಕುದುರೆಗೆ ಹಾಕಬೇಡಿ. ಕೆಲವು ಹಸು, ಕೋಳಿ ಫೀಡುಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧ ಇರುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಕುದುರೆಯ ಹೃದಯ ನಿಲ್ಲಿಸಬಲ್ಲದು.

ಆಮೇಲೆ ಹೊಟ್ಟೆನೋವು ಬಂದದ್ದು ಒಂದೇ ಸಲ, ಅದೂ ಯಜಮಾನರು ಮದುವೆಗೆ ಊರಿಗೆ ಹೋಗಿದ್ದಾಗ. ನೋಡಿಕೊಳ್ಳಲು ಬಿಟ್ಟ ಹುಡುಗ ಪ್ರೀತಿಯಿಂದ ಬಾಂಡ್ಲಿ ತುಂಬ ಹುರುಳಿ ಸುರಿದಿದ್ದ. ಈಗ ಲದ್ದಿ ಎಷ್ಟು ಸಲ ಹಾಕಿತು ಅಂತ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತಾರೆ. ಎಂಟರಿಂದ ಹನ್ನೆರಡಾದರೆ ಸರಿ, ಐದಕ್ಕೆ ಇಳಿದರೆ ನನಗೆ ಫೋನು.

ಬಗೆಹರಿಯದೆ ಉಳಿದದ್ದು ದಸರಾ ಸಮಯ. ನೋಡಲು ಬಂದವರು ಬ್ರೆಡ್ಡು, ಬಿಸ್ಕತ್ತು, ಬೆಲ್ಲ ಎಲ್ಲ ತಿನ್ನಿಸುತ್ತಾರೆ, ಬೇಡ ಅಂದರೆ ಮುನಿಸು. ಬೋರ್ಡು ಹಾಕಿದೆವು, ಯಾರೂ ಓದಲಿಲ್ಲ. ಕೊನೆಗೆ ಯಜಮಾನರೇ ಉಪಾಯ ಹುಡುಕಿದರು: ತೊಳೆದ ಗರಿಕೆಯ ಸಣ್ಣ ಕಟ್ಟು ಮಾಡಿ ಗಾಡಿ ಪಕ್ಕ ಇಟ್ಟು, "ಕುದುರೆಗೆ ತಿನ್ನಿಸಿ, ಹತ್ತು ರೂಪಾಯಿ" ಅಂತ ಮಾರುತ್ತಿದ್ದಾರೆ.