ಕೇರಂ ಬೋರ್ಡ್ ಗುರುತಿನ ಪಕ್ಷೇತರ ನಾನು

2024ರ ಲೋಕಸಭೆ ಚುನಾವಣೆಗೆ ಪಕ್ಷೇತರನಾಗಿ ನಿಂತಿದ್ದೆ. ಹಳೇ ಮೈಸೂರು ಕಡೆಯ ಕ್ಷೇತ್ರ, ಏಪ್ರಿಲ್ 26ಕ್ಕೆ ಮತದಾನ. ಸೋತೆ, ಠೇವಣಿಯೂ ಹೋಯಿತು. ದುಡ್ಡಿಲ್ಲದೆ ಸೋತೆ ಅಂತ ನೆಂಟರೆಲ್ಲ ತೀರ್ಪು ಕೊಟ್ಟಾಯಿತು. ದುಡ್ಡು ಇರಲಿಲ್ಲ, ನಿಜ. ಆದರೆ ದುಡ್ಡಿಗಿಂತ ಹೆಚ್ಚಾಗಿ ನನಗೆ ಸಾಲದೆ ಹೋದದ್ದು ದಿನಗಳು.

ನಾಮಪತ್ರಕ್ಕೆ ಠೇವಣಿ 25,000 ರೂಪಾಯಿ. ಚುನಾವಣೆ ಖರ್ಚಿಗೆಂದೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಬೇಕು. ಆಸ್ತಿ, ಸಾಲ, ಕೇಸುಗಳ ಅಫಿಡವಿಟ್‌ನಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡುವಂತಿಲ್ಲ, ಏನೂ ಇಲ್ಲದಿದ್ದರೆ 'ಇಲ್ಲ' ಅಂತಲೇ ಬರೆಯಬೇಕು. ಮಾನ್ಯತೆ ಪಡೆದ ಪಕ್ಷದವರಿಗೆ ಹೆಸರು ಸೂಚಿಸಿ ಸಹಿ ಹಾಕಲು ಒಬ್ಬ ಸೂಚಕ ಸಾಕು, ನಮಗೆ ಹತ್ತು ಜನ ಬೇಕು. ಸಹಿ ಹಾಕಿದ ಒಬ್ಬರು ರಾತ್ರಿ ಫೋನ್ ಮಾಡಿ "ಅಣ್ಣಾ, ನನ್ನ ಹೆಸರು ತೆಗೆದ್ಬಿಡಿ, ಮನೇಲಿ ಬೈತಾರೆ" ಅಂದರು. ಇನ್ನೊಬ್ಬರನ್ನು ಹುಡುಕಿ ಬೇರೆ ಅರ್ಜಿ ತುಂಬಿದೆ.

ಏಪ್ರಿಲ್ 8ಕ್ಕೆ ನಾಮಪತ್ರ ವಾಪಸ್ ಪಡೆಯುವ ಗಡುವು ಮುಗಿಯಿತು. ಆಮೇಲೇ ನಮಗೆಲ್ಲ ಗುರುತು. ತೆಂಗಿನ ತೋಟ, ಹೊಲಿಗೆ ಯಂತ್ರ, ಕೇರಂ ಬೋರ್ಡ್ ಅಂತ ಮೂರು ಕೇಳಿದ್ದೆ. ಮೊದಲೆರಡು ಬೇರೆಯವರ ಪಾಲಾದವು. ಸರಿ, ಕೇರಂ ಬೋರ್ಡೇ ಆಗಲಿ ಅಂತ ಪ್ರಿಂಟಿಂಗ್ ಪ್ರೆಸ್ಸಿಗೆ ಓಡಿದರೆ ಮಾರನೇ ದಿನ ಯುಗಾದಿ, ಅದರ ಮಾರನೇ ದಿನ ಹೊಸತೊಡಕು, ಮಟನ್ ಬಿಟ್ಟು ಮಿಷನ್ ಹತ್ತಿರ ಯಾರು ಬರುತ್ತಾರೆ? ಕರಪತ್ರ ಕೈಗೆ ಬಂದದ್ದು 12ಕ್ಕೆ. 24ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಎಂಟು ವಿಧಾನಸಭಾ ಕ್ಷೇತ್ರ, ಹನ್ನೆರಡು ದಿನ, ಒಂದು ಬಾಡಿಗೆ ಆಟೋ.

ಒಂದು ಹಳ್ಳಿಯಲ್ಲಿ ಜಗಲಿ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದ ಅಜ್ಜಿ ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಇದೇನಪ್ಪಾ, ಮಂಚವಾ?" ಅಂದರು. ಕೇರಂ ಬೋರ್ಡು ಅಜ್ಜಿ, ಹುಡುಗರು ಆಡ್ತಾರಲ್ಲ ಅಂದೆ. "ಓ, ಹಂಗಾದ್ರೆ ಮೊಮ್ಮಗಂಗೆ ಹೇಳು" ಅಂತ ಮತ್ತೆ ಮೊರ ಎತ್ತಿಕೊಂಡರು. ಮೊಮ್ಮಗನಿಗೆ ಹದಿನೈದು ವರ್ಷ. ಮುಂದಿನ ಊರಿನಿಂದ ನಾನೇ "ನಾಲ್ಕು ಮೂಲೆ, ನಾಲ್ಕು ತೂತು" ಅಂತ ಬೆರಳಲ್ಲಿ ಗೀಚಿ ತೋರಿಸತೊಡಗಿದೆ.

ಮತಯಂತ್ರದಲ್ಲಿ ಪಕ್ಷದವರೆಲ್ಲ ಮುಗಿದ ಮೇಲೆ ಪಕ್ಷೇತರರ ಹೆಸರು, ಅದೂ ಅಕ್ಷರಮಾಲೆ ಪ್ರಕಾರ. ನನ್ನ ಹೆಸರು 'ಶ'ದಿಂದ ಶುರು. ಹಾಗಾಗಿ ನೋಟಾ ನನ್ನ ಪಕ್ಕದ ಮನೆ. ಜೂನ್ 4ರಂದು ಆ ಪಕ್ಕದ ಮನೆಯವರಿಗೆ ನನಗಿಂತ ಜಾಸ್ತಿ ವೋಟು ಬಂತು. ಠೇವಣಿ ಉಳಿಯಲು ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ದಾಟಬೇಕಿತ್ತು, ಬಿಡಿ.

ಸೋತ ಮೇಲೂ ಒಂದು ಕೆಲಸವಿದೆ, ಮರೆಯಬೇಡಿ: ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಮಿತಿ 95 ಲಕ್ಷ ಅಂತೆ! ನನ್ನದರಲ್ಲಿ ಆಟೋ, ಟೀ, ಕರಪತ್ರ ಅಷ್ಟೇ.

ಆಮೇಲೆ ಸುಮ್ನೆ ಕುತೂಹಲಕ್ಕೆ ನಮೂನೆ 20 ತೆಗೆದು ನೋಡಿದೆ. ಅದರಲ್ಲಿ ಬೂತ್‌ವಾರು ಲೆಕ್ಕ ಇರುತ್ತದೆ. ಹತ್ತು ಸೂಚಕರಲ್ಲಿ ಏಳು ಜನ ನಮ್ಮ ಬೂತಿನವರೇ, ಅವರಲ್ಲದೆ ನಮ್ಮ ಮನೆಯ ವೋಟು ಮೂರು. ನನ್ನ ಹೆಸರಿನ ಕೆಳಗೆ 8 ಅಂತಿತ್ತು. ಹೆಂಡತಿ ಬಗ್ಗಿ ನೋಡಿ "ನನ್ನ ಮುಖ ಯಾಕೆ ನೋಡ್ತೀರಿ?" ಅಂದಳು.